ಎಡಗಡೆ ಬುಟ್ಟಿ

ಹದಿನಾಲ್ಕನೇ ಮರಳಿನ ಚೀಲ ಏರಿಸಿದರೂ ಹಲಗೆ ಮುರಿಯಲಿಲ್ಲ. ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಎರಡೇ ಅಂಚು ಊರಿ ಮಲಗಿದ್ದ ಆ ನಾಲ್ಕಡಿ ಚೌಕ ನಡುವಿನಲ್ಲಿ ಒಂದು ಬೆರಳಿನಷ್ಟು ಬಾಗಿ ಅಲ್ಲೇ ನಿಂತುಬಿಟ್ಟಿತು. ಇಷ್ಟೇನಾ, ಇನ್ಯಾರಾದರೂ ಇದ್ದರೆ ಕರೆತನ್ನಿ ಎನ್ನುವಂತೆ. ಗೋಡೆಗೆ ಒರಗಿ ನಿಂತಿದ್ದ ಅವಳಿಗೆ ಅದರ ಮೇಲೆ ಸಿಟ್ಟು ಬಂತು. ತಾನೇ ಹಾಸಿದ ಬಟ್ಟೆ, ತಾನೇ ರೋಲರ್ ಎಳೆದು ಗುಳ್ಳೆ ಬಿಡಿಸಿದ ಅಂಟು, ಆದರೂ ಸಿಟ್ಟು. ಅದು ಮುರಿದಿದ್ದರೆ ಎಲ್ಲವೂ ತಾನಾಗಿ ನಿಂತುಹೋಗುತ್ತಿತ್ತು, ಲಾರಿ ಬರುತ್ತಿರಲಿಲ್ಲ, ಅವಳು ಬಾಯಿ ತೆರೆಯಬೇಕಾಗಿರಲಿಲ್ಲ. ಇಂಜಿನಿಯರು ಅಳತೆಪಟ್ಟಿ ಹಿಡಿದು ಬಗ್ಗಿ ನೋಡಿ, ಎದ್ದು, ಕೈ ಒರೆಸಿಕೊಂಡು ನಕ್ಕರು. ಅರವತ್ತು ಹಲಗೆಗಳಲ್ಲಿ ಇದೊಂದನ್ನು ನೋಡಿದರೆ ಸಾಕು, ಅನ್ನ ಬೆಂದಿದೆಯೋ ಇಲ್ಲವೋ ಅಂತ ನೋಡುವುದಕ್ಕೆ ಒಂದು ಅಗುಳು ಹಿಸುಕಿದರೆ ಸಾಲದೇ ಎಂದರು. ಮೇಸ್ತ್ರಿ, ಆ ಮಾತನ್ನು ತಾನೇ ಹೇಳಬೇಕೆಂದಿದ್ದವನಂತೆ, ಹೌದು ಹೌದು ಎಂದು ತಲೆಯಾಡಿಸಿದ. ನಾಲ್ಕು ಗಂಟೆಗೆ ಲಾರಿ. ಒಂದು ಶಾಲೆಯ ಸಭಾಂಗಣದ ವೇದಿಕೆಗೆ ಹೋಗುವ ಹಲಗೆಗಳು. ಅಲ್ಲೂ ಹೀಗೆಯೇ, ಎರಡು ಅಂಚಿಗೆ ಮಾತ್ರ ಆಧಾರ. ನಡುವೆ ಖಾಲಿ, ಕೆಳಗೆ ಆಳೆತ್ತರ. ಅವಳು ಮಣಿಕಟ್ಟು ಕೆರೆದುಕೊಂಡಳು. ಗಾಜಿನ ಎಳೆ ಚರ್ಮದೊಳಕ್ಕೆ ಹೋದರೆ ನೀರಿಗೆ ಹೋಗುವುದಿಲ್ಲ, ಸೋಪಿಗೆ ಹೋಗುವುದಿಲ್ಲ, ಪ್ಯಾಕಿಂಗ್ ಟೇಪು ಅಂಟಿಸಿ ಸರಕ್ಕನೆ ಕೀಳಬೇಕು. ಕಿತ್ತರೂ ಒಂದೆರಡು ಉಳಿದೇ ಉಳಿಯುತ್ತವೆ.

ಮರದ ಹೊಟ್ಟನ್ನು ಒತ್ತಿ ಮಾಡಿದ ಹಲಗೆಗೆ ಸ್ವಂತ ಶಕ್ತಿ ಕಡಿಮೆ. ಭಾರ ಬಿದ್ದರೆ ಕೆಳಮೈ ಹಿಗ್ಗುತ್ತದೆ, ಹಿಗ್ಗಲಾರದೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಅದಕ್ಕೇ ಆ ಕೆಳಮೈಗೆ ಗಾಜಿನ ನೂಲಿನ ಬಟ್ಟೆ ಅಂಟಿಸಿ, ಮೇಲೆ ಕಾಗದದಷ್ಟು ತೆಳು ಮರದ ಪದರ ಹಾಸಿ, ಪ್ರೆಸ್ಸಿಗೆ ಕೊಡುವುದು. ಬಟ್ಟೆ ಎನ್ನುತ್ತಾರೆ ಅಷ್ಟೆ, ಅದರಲ್ಲಿ ಹಾಸು ಮಾತ್ರ ಇದೆ, ಹೊಕ್ಕು ಇಲ್ಲ. ನೂಲೆಲ್ಲ ಒಂದೇ ದಿಕ್ಕಿಗೆ, ಬಾಚಿದ ಕೂದಲಿನಂತೆ. ಒಂದು ಆಧಾರದಿಂದ ಇನ್ನೊಂದು ಆಧಾರಕ್ಕೆ ನೂಲು ಓಡಿದರೆ ಹಲಗೆ ಹದಿನಾಲ್ಕು ಚೀಲ ಹೊರುತ್ತದೆ. ಅಡ್ಡಲಾಗಿ ಮಲಗಿದರೆ ಅದು ಇದ್ದೂ ಇಲ್ಲದ ಹಾಗೆ. ಹಲಗೆ ಉದ್ದವಾಗಿದ್ದರೆ ತಪ್ಪಾಗುವುದೇ ಇಲ್ಲ, ಅಡ್ಡ ಹಾಸಿದರೆ ಬಟ್ಟೆಯೇ ಕೂರುವುದಿಲ್ಲ. ಈ ಸಲ ಚೌಕ. ಚೌಕಕ್ಕೆ ಯಾವ ಕಡೆಯೂ ಒಂದೇ. ಮೇಲಿನ ಪದರ ಕೂತ ಮೇಲೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಅವಳಿಗೆ ಗೊತ್ತಾದದ್ದು ಬುಟ್ಟಿಯಿಂದ. ಬಟ್ಟೆಯ ಹೆಚ್ಚುವರಿ ಅಂಚನ್ನು ಕತ್ತರಿಸುವಾಗ ಎಡಗಡೆ ಅಂಚಿನದು ಎಡಗಡೆ ಬುಟ್ಟಿಗೆ, ಎದುರಿನದು ಎದುರು ಬುಟ್ಟಿಗೆ. ಎಡಕ್ಕೆ ಯಾವಾಗಲೂ ಉದ್ದುದ್ದ ಎಳೆ, ರಿಬ್ಬನ್ನಿನ ಹಾಗೆ. ಎದುರಿಗೆ ಯಾವಾಗಲೂ ಮೋಟು ಕೂದಲು, ಕ್ಷೌರದಂಗಡಿಯ ನೆಲದ ಹಾಗೆ. ಮೂರನೇ ದಿನ ಸಂಜೆ ಕಸ ಚೆಲ್ಲಲು ಎತ್ತಿದಾಗ ಎಡಗಡೆ ಬುಟ್ಟಿಯಲ್ಲಿ, ರಿಬ್ಬನ್ನುಗಳ ನಡುವೆ, ಒಂದೇ ಒಂದು ಹಿಡಿ ಮೋಟು ಕೂದಲು. ಆವತ್ತಿನ ಹನ್ನೆರಡು ಹಲಗೆಗಳಲ್ಲಿ ಒಂದು ಅಡ್ಡ. ಯಾವುದೋ ಒಂದು. ಅವಳು ಆ ಹಿಡಿಯನ್ನು ಕಾಗದದಲ್ಲಿ ಕಟ್ಟಿ ಊಟದ ಚೀಲದಲ್ಲಿಟ್ಟುಕೊಂಡಳು. ಎಂಟು ದಿನದಿಂದ ಅದು ಮನೆಗೆ ಹೋಗುತ್ತದೆ, ಮತ್ತೆ ಅವಳ ಜೊತೆ ಕೆಲಸಕ್ಕೆ ಬರುತ್ತದೆ.

ಆವತ್ತು ಇಂಜಿನಿಯರು ಅವಳ ಮೇಜಿನ ಪಕ್ಕ ನಿಂತು, ಚೆನ್ನಾಗಿ ಹಾಸುತ್ತೀರಲ್ಲ, ಎಷ್ಟು ಓದಿದ್ದೀರಿ ಎಂದು ಕೇಳಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಅವಳು ‘ಏಳ...’ ಎನ್ನುವಷ್ಟರಲ್ಲಿ ಆಚೆಯಿಂದ ಮೇಸ್ತ್ರಿ ಪೂರ್ತಿ ಮಾಡಿದ: ‘ಏಳನೇ ಕ್ಲಾಸು ಫೇಲು ಸಾರ್. ಆದ್ರೂ ಕೈ ಚುರುಕು.’ ಇಂಜಿನಿಯರು ಓಹೋ ಎಂದು, ಅದೂ ಒಂದು ಒಳ್ಳೆಯ ಸುದ್ದಿಯೇ ಎಂಬಂತೆ, ಮುಂದೆ ಹೋದರು. ಫೇಲು ಎಂದು ಮೇಸ್ತ್ರಿಗೆ ಹೇಳಿದವರಾರು? ಯಾರೂ ಹೇಳಿರಲಿಕ್ಕಿಲ್ಲ, ಏಳನೇ ಕ್ಲಾಸು ಎಂದ ಮೇಲೆ ಫೇಲು ಎನ್ನುವುದು ಅವನ ಬಾಯಿಗೆ ತಾನಾಗಿ ಬಂದಿರಬೇಕು. ಆ ಮಧ್ಯಾಹ್ನವಿಡೀ ಅವಳು ಒಂದೇ ವಾಕ್ಯವನ್ನು ಒಳಗೊಳಗೇ ಹೊಸೆದಳು. ಫೇಲಲ್ಲ ಸಾರ್, ಬಿಟ್ಟಿದ್ದು. ಅಲ್ಲ, ಸಾರ್ ಬೇಡ. ಫೇಲಲ್ಲ, ನಾನೇ ಬಿಟ್ಟಿದ್ದು. ಕೈ ಬಟ್ಟೆ ಹಾಸುತ್ತಿತ್ತು, ಅಂಟು ಸವರುತ್ತಿತ್ತು, ಬಾಯಿ ಮುಚ್ಚಿಕೊಂಡೇ ವಾದಿಸುತ್ತಿತ್ತು. ಹೇಳದೆ ನುಂಗಿದ ಒಂದು ವಾಕ್ಯಕ್ಕೆ ಇಷ್ಟೊಂದು ಬೆಲೆಯೇ? ಯಾರದೋ ಮಗು ಬಿಳಿ ಷರಟು ಹಾಕಿಕೊಂಡು ವೇದಿಕೆಯ ನಡುವೆ ನಿಂತು ಹಾಡಲಿಕ್ಕೆ ಬಾಯಿ ತೆರೆಯುವಾಗ, ಅದರ ಕಾಲ ಕೆಳಗೆ ಇರುವುದು ತನ್ನ ಫೇಲಲ್ಲ ಬಿಟ್ಟಿದ್ದು.

ಮರಳಿನ ಚೀಲಗಳನ್ನು ಇಳಿಸುತ್ತಿದ್ದಂತೆ ಅವಳು ಮೇಸ್ತ್ರಿಯ ಹತ್ತಿರ ಹೋಗಿ ನಿಂತಳು. ನಿಂತದ್ದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ನಿಲ್ಲುವುದು ಹಾಗೆಯೇ, ಬಾಗಿಲ ಹಿಂದಿನ ಪೊರಕೆಯ ಹಾಗೆ. ಮೇಸ್ತ್ರೀ, ಆ ಮೂರನೇ ದಿನದ್ದು, ಎಂದಳು. ಮೂರನೇ ತಾರೀಕು ರಜೆ ಬೇಕೇನಮ್ಮ, ಲೋಡು ಹೋಗಲಿ, ಆಮೇಲೆ ನೋಡೋಣ ಎಂದ. ಅಲ್ಲ, ಹಲಗೆ, ಎಂದಳು. ಹಲಗೆ ಸೂಪರಾಗಿದೆ, ನೀನೇನೂ ಹೆದರಬೇಡ, ನಾನಿಲ್ಲವೇ ಎಂದ. ಅವನು ನಿಜವಾಗಿಯೂ ಇದ್ದ. ಆನೆಯಂಥ ಆಳು, ಅವನು ಎದುರಿಗಿದ್ದರೆ ಆಚೆಗಿನ ಕಿಟಕಿಯೇ ಕಾಣುವುದಿಲ್ಲ. ಅವಳ ಅರ್ಧ ಮಾತನ್ನು ಎತ್ತಿಕೊಂಡು ತಮಗೆ ಬೇಕಾದ ಕಡೆ ಇಳಿಸಿ ಹೋಗುವುದು ಎಲ್ಲರಿಗೂ ಅಭ್ಯಾಸವಾಗಿತ್ತು. ಏಳನೇ ಕ್ಲಾಸಿನಲ್ಲಿ ಒಂದು ದಿನ ಮೇಷ್ಟ್ರು ಎಬ್ಬಿಸಿ ಪಾಠ ಓದು ಎಂದಾಗ ಅವಳಿಗೆ ಓದಲು ಬರುತ್ತಿತ್ತು, ಅಕ್ಷರಗಳು ಕಣ್ಣೆದುರಿಗೆ ಸಾಲಾಗಿ ನಿಂತಿದ್ದವು, ಧ್ವನಿ ಮಾತ್ರ ಬರಲಿಲ್ಲ. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿಯಲ್ಲಿ ಕೂತು ಕಾದರು. ಗಂಟೆ ಹೊಡೆಯುವ ತನಕ ಇಡೀ ಕ್ಲಾಸು ಕಾಯಿತು, ಯಾರೋ ಬೆಂಚಿನಡಿ ಕಾಲು ಉಜ್ಜುತ್ತಿದ್ದ ಸದ್ದು ಬಿಟ್ಟರೆ ಏನೂ ಇಲ್ಲ. ಮರುದಿನ ಅವಳು ಹೋಗಲಿಲ್ಲ. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಅದಕ್ಕೆ ನಾಚಿಕೆ ಎಂದಳು ಅಮ್ಮ. ನಡೆದು ನಡೆದು ಮಂಡಿ ನೋವು ಎಂದರು ಅಪ್ಪ. ಲೆಕ್ಕಕ್ಕೆ ಹೆದರಿದಳು ಎಂದ ಅಣ್ಣ. ಮೂರರಲ್ಲಿ ಒಂದೂ ನಿಜವಲ್ಲ. ಯಾವುದಕ್ಕೂ ಅವಳು ಅಲ್ಲ ಎನ್ನಲಿಲ್ಲ. ಕಡೆಗೆ ಅಣ್ಣನದೇ ಉಳಿಯಿತು.

ಅಂಟು ಕಲಸುವ ಹೆಂಗಸನ್ನು ಎಲ್ಲರೂ ಅಂಟಕ್ಕ ಎನ್ನುತ್ತಿದ್ದರು, ಅವಳೂ ಬೇಸರಿಸುತ್ತಿರಲಿಲ್ಲ. ಅಂಟಕ್ಕನೊಬ್ಬಳಿಗೆ ಅವಳು ಪೂರ್ತಿ ಹೇಳಿದಳು, ಕೈ ತೊಳೆಯುವ ತೊಟ್ಟಿಯ ಹತ್ತಿರ, ಕಾಗದದ ಪೊಟ್ಟಣ ಬಿಚ್ಚಿ ತೋರಿಸಿ. ಅಂಟಕ್ಕ ಮೋಟು ಎಳೆಗಳನ್ನು ನೋಡಿದಳು, ಹಿಂದೆ ಮುಂದೆ ನೋಡಿದಳು, ಪೊಟ್ಟಣವನ್ನು ಮತ್ತೆ ಮಡಚಿ ಅವಳ ಅಂಗೈಯಲ್ಲೇ ಒತ್ತಿದಳು. ‘ಬಾಯಿ ಬಿಟ್ರೆ ಬಣ್ಣಗೇಡು ಕಣೇ. ಹನ್ನೆರಡರಲ್ಲಿ ಒಂದು. ಅದೇ ಮೂಲೆಗೆ ಹೋಗುತ್ತೋ, ಕರ್ಟನ್ ಹಿಂದೆ ಹೋಗುತ್ತೋ, ಯಾರಿಗೆ ಗೊತ್ತು? ನಿನ್ನ ಟೇಬಲ್ಲು ಹೋಗೋದು ಮಾತ್ರ ಗ್ಯಾರಂಟಿ.’ ಅದು ಸುಳ್ಳಲ್ಲ. ಆ ಮೇಜು ಬರುವ ಮುಂಚೆ ಅವಳು ಎರಡು ವರ್ಷ ಹೊಟ್ಟು ಗುಡಿಸಿದ್ದಳು. ಮೇಜಿನ ಮುಂದೆ ಅವಳ ಜೊತೆ ಯಾರೂ ಮಾತಾಡಬೇಕಿಲ್ಲ, ಅವಳೂ ಆಡಬೇಕಿಲ್ಲ. ಬೆಳ್ಳಗೆ ಹೊಳೆಯುವ ಎಳೆಗಳು ಅಂಟು ಕುಡಿದು ಮೆಲ್ಲಗೆ ಮಾಯವಾಗುತ್ತವೆ, ಗಾಜು ನೀರಿನಲ್ಲಿ ಕರಗಿದ ಹಾಗೆ, ಅದನ್ನು ನೋಡುತ್ತಿದ್ದರೆ ಸಾಕು. ಕಳೆದ ತಿಂಗಳು ನೋಡಲು ಬಂದವರು ಹುಡುಗಿಗೆ ಏನು ಕೆಲಸ ಎಂದಾಗ, ಆಫೀಸಿನಲ್ಲಿ ಎಂದಿದ್ದಳು ಅತ್ತಿಗೆ. ಯಾವ ಆಫೀಸು ಎಂದರು. ಮರದ ಆಫೀಸು ಎಂದಳು ಅತ್ತಿಗೆ, ಕಣ್ಣು ಮಿಟುಕಿಸದೆ. ಅವಳಿಗೆ ನಗು ಬಂದಿತ್ತು, ತಲೆ ಬಗ್ಗಿಸಿ ಅಡಗಿಸಿಕೊಂಡಳು. ಬಂದವರು ಅದನ್ನು ವಿನಯ ಎಂದುಕೊಂಡರು. ಅವಳಿಗೆ ಬಾಯೇ ಇಲ್ಲ, ಮೌನಗೌರಿ ಎಂದು ಅತ್ತಿಗೆ ಅದನ್ನೂ ಮಾರಾಟಕ್ಕಿಟ್ಟಳು. ಪೊಟ್ಟಣ ಅಂಗೈಯಲ್ಲಿ ಬೆವರುತ್ತಿತ್ತು. ಸಾಕಾಗಿತ್ತು ಅವಳಿಗೆ. ಮೇಸ್ತ್ರಿಯಿಂದ, ಅಂಟಕ್ಕನ ಬುದ್ಧಿವಾದದಿಂದ, ಎಲ್ಲಕ್ಕಿಂತ ಹೆಚ್ಚಾಗಿ ಗಂಟಲಲ್ಲಿ ಕೂತು ಮೇಲೂ ಬಾರದೆ ಕೆಳಗೂ ಇಳಿಯದೆ ಸತಾಯಿಸುವ ತನ್ನದೇ ಮಾತಿನಿಂದ.

ಊಟದ ಹೊತ್ತಿಗೆ ಶೆಡ್ಡು ಖಾಲಿಯಾಯಿತು. ಒಂದೊಂದು ದಿನದ ಹಲಗೆಗಳ ರಾಶಿ ಬೇರೆ ಬೇರೆ ಇತ್ತು, ಆಧಾರದ ಮೇಲೆ ಕೂರಬೇಕಾದ ಅಂಚಿನಲ್ಲಿ ಮೇಸ್ತ್ರಿ ಪೆನ್ಸಿಲಿನಿಂದ ತಾರೀಕು ಗೀಚಿದ್ದ. ಮೂರನೇ ರಾಶಿಯಿಂದ ಒಂದನ್ನು ಎಳೆದು ಸ್ಟ್ಯಾಂಡುಗಳ ಮೇಲಿಟ್ಟಳು. ಹಲಗೆಯಿಂದ ಎರಡು ಬೆರಳು ಕೆಳಗೆ, ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ, ಒಂದು ದಾರ ಬಿಗಿದು ಕಟ್ಟಿದಳು. ಒಳ್ಳೆಯ ಹಲಗೆ ಭಾರಕ್ಕೆ ಬಾಗಿದರೂ ದಾರಕ್ಕೆ ಮೇಲೆಯೇ ನಿಲ್ಲಬೇಕು. ಕೆಟ್ಟದ್ದು ಬಾಗಿ ದಾರವನ್ನು ಮುಟ್ಟುತ್ತದೆ. ಇಷ್ಟು ಸುಲಭ. ಯಾರಿಗೂ ಹೇಳಬೇಕಿಲ್ಲ. ಕೆಟ್ಟದ್ದನ್ನು ಹುಡುಕಿ, ಮೂಲೆ ಮುರಿದುಹೋಯಿತು ಎಂದು ಬದಿಗಿಟ್ಟರಾಯಿತು. ಚಪ್ಪಲಿ ಬಿಟ್ಟು, ಹತ್ತಿ, ನಡುವೆ ನಿಂತು, ಬಗ್ಗಿ ನೋಡಿದಳು. ನಿಂತವಳಿಗೆ ಕೆಳಗಿನ ದಾರ ಕಾಣುವುದಿಲ್ಲ. ಕಾಗದವೊಂದನ್ನು ಮಡಚಿ ದಾರದ ಮೇಲೆ ಕೂರಿಸಿದಳು, ಹಲಗೆ ಮುಟ್ಟಿದರೆ ಬೀಳಲಿ ಎಂದು. ಒಂದು, ಎರಡು, ನಾಲ್ಕು ಹಲಗೆ. ಕಾಗದ ಅಲ್ಲಾಡಲಿಲ್ಲ. ಐದು, ಆರು. ಕೈ ಸೋತು ಹೋಯಿತು, ಉಗುರಿನಡಿ ಹೊಟ್ಟು ತುಂಬಿತು. ಎಂಟು. ಹನ್ನೊಂದು. ಹನ್ನೆರಡೂ ಹಲಗೆಗಳ ಮೇಲೆ ಹತ್ತಿ ನಿಂತಳು, ಒಂದೂ ಬಾಗಿದಂತೆ ಕಾಣಲಿಲ್ಲ. ಕಡೆಯದರ ಮೇಲೆ ನಿಂತೇ ಅವಳಿಗೆ ಹೊಳೆಯಿತು. ನಲವತ್ತೆರಡು ಕೆಜಿ. ಕೆಟ್ಟ ಹಲಗೆ ಕೂಡ ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಸುಮ್ಮನೆ ನಿಂತರೆ ಒಳ್ಳೆಯದೂ ಕೆಟ್ಟದ್ದೂ ಅವಳ ಕಾಲಡಿ ಒಂದೇ. ಅವಳು ಎಂಥದ್ದೋ ಒಂದು ಬೈಗುಳ ಬೈದಳು, ಅಣ್ಣ ಬೈಕು ಸ್ಟಾರ್ಟ್ ಆಗದಿದ್ದಾಗ ಬೈಯುವಂಥದ್ದು. ಖಾಲಿ ಶೆಡ್ಡಿನಲ್ಲಿ ಅದು ಜೋರಾಗಿಯೇ ಕೇಳಿಸಿತು, ಸ್ವಂತ ಧ್ವನಿ ಅಷ್ಟಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಊಟ ಮುಗಿಸಿ ಬಂದವರು ನೋಡಿದ್ದು ಅದನ್ನೇ: ಚದುರಿಹೋದ ರಾಶಿ, ಹಲಗೆಯ ಮೇಲೆ ಬರಿಗಾಲಲ್ಲಿ ನಿಂತ ಹುಡುಗಿ. ಮೇಸ್ತ್ರಿ ತಲೆಗೆ ಕೈ ಹಚ್ಚಿಕೊಂಡ. ನಾಲ್ಕಕ್ಕೆ ಲಾರಿ ಇಟ್ಟುಕೊಂಡು ಇದೇನಮ್ಮ, ಆಟದ ಮೈದಾನವಾ ಎಂದ. ಇಂಜಿನಿಯರು ಏನಾಯಿತು ಎಂದು ಕೇಳಿದರು, ಅವಳನ್ನಲ್ಲ, ಅವನನ್ನು. ಸುಸ್ತಾಗಿರಬೇಕು ಸಾರ್, ರಜೆ ಕೇಳ್ತಿದ್ದಳು ಎಂದ ಮೇಸ್ತ್ರಿ. ಅಂಟಕ್ಕ ದೂರದಿಂದ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಅವಳು ಬಾಯಿ ತೆರೆದಳು. ಬಂದದ್ದು ಎಂಟು ದಿನದ ಹಿಂದಿನದು.

‘ಫೇಲಲ್ಲ. ನಾನೇ ಬಿಟ್ಟಿದ್ದು.’

ಯಾರಿಗೂ ತಲೆಬುಡ ತಿಳಿಯಲಿಲ್ಲ. ಮೇಸ್ತ್ರಿ ಇಂಜಿನಿಯರ ಮುಖ ನೋಡಿದ, ಅವರು ಅವನ ಮುಖ ನೋಡಿದರು. ಆದರೆ ಬಾಗಿಲಿಗೆ ಅಡ್ಡ ಬಿದ್ದಿದ್ದ ಬೀರು ಸರಿದಂತಾಯಿತು. ಅದರ ಹಿಂದೆ ನಿಂತಿದ್ದದ್ದು ಒಂದೊಂದಾಗಿ ಬಂತು. ಬುಟ್ಟಿ, ಮೋಟು ಎಳೆ, ಹನ್ನೆರಡರಲ್ಲಿ ಒಂದು. ಇಂಜಿನಿಯರು ಕಣ್ಣು ಸಣ್ಣದು ಮಾಡಿಕೊಂಡು ಕೇಳಿಸಿಕೊಂಡು, ಪರೀಕ್ಷೆ ಆಗಿದೆಯಲ್ಲ, ಹದಿನಾಲ್ಕು ಚೀಲ ತಡೆದಿದೆಯಲ್ಲ, ಒಂದು ಅಗುಳು ನೋಡಿದರೆ ಎಂದು ಶುರು ಮಾಡಿದರು. ಅವರ ಮಾತನ್ನು ಅವಳು ನಡುವೆಯೇ ತುಂಡು ಮಾಡಿದಳು, ಜೀವನದಲ್ಲಿ ಮೊದಲ ಸಲ.

‘ಅನ್ನ ಆದ್ರೆ ಎಲ್ಲಾ ಒಂದೇ ಪಾತ್ರೇಲಿ ಬೇಯತ್ತೆ ಸಾರ್. ಇವನ್ನ ಒಂದೊಂದಾಗಿ ಬೇಯಿಸಿದ್ದು ನಾನು.’

ಮೇಸ್ತ್ರಿಯನ್ನು ಹತ್ತಿಸಿದರು. ಅವನು ಚಪ್ಪಲಿ ಬಿಟ್ಟು, ಪ್ಯಾಂಟು ಮೊಣಕಾಲಿಗೆ ಮಡಚಿ, ಹೊಳೆ ದಾಟುವವನಂತೆ ಒಂದೊಂದೇ ಹಲಗೆ ಹತ್ತಿ ಇಳಿದ, ಪ್ರತಿ ಸಲವೂ ಗೊಣಗಿದ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ತೂಕದ ಬಟ್ಟಾಗಿ ಕೆಲಸ ಮಾಡಿದ್ದು ಇದೇ ಮೊದಲು ಎಂದ. ಅವಳು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ದಾರ ನೋಡುತ್ತಿದ್ದಳು. ಅವನ ತೊಂಬತ್ತೈದು ಕೆಜಿಗೆ ಹಲಗೆಗಳು ಬಾಗುತ್ತಿದ್ದವು, ದಾರಕ್ಕೆ ಒಂದೂವರೆ ಬೆರಳು ಮೇಲೆ ನಿಲ್ಲುತ್ತಿದ್ದವು. ಇದಲ್ಲ, ಇದಲ್ಲ. ಒಂಬತ್ತನೆಯದು ಬಾಗಿತು, ಬಾಗುತ್ತಲೇ ಬಂತು, ದಾರವನ್ನು ಮುಟ್ಟಿ, ಒತ್ತಿ, ಸಣ್ಣ ಬಿಲ್ಲಿನಂತೆ ಕೆಳಗೆಳೆಯಿತು. ಇದು, ಎಂದಳು. ಮೇಸ್ತ್ರಿಗೆ ನಂಬಿಕೆಯಾಗಲಿಲ್ಲ, ನಿಂತಲ್ಲೇ ಒಮ್ಮೆ ಕುಪ್ಪಳಿಸಿದ. ಏನೂ ಆಗಲಿಲ್ಲ. ನೋಡಿದಿರಾ ಸಾರ್ ಎಂದು ಇನ್ನೊಮ್ಮೆ ಕುಪ್ಪಳಿಸಿದ. ಮೂರನೆಯ ಸಲ ಒಣ ಕೊಂಬೆ ಮುರಿದಂಥ ಸದ್ದಾಯಿತು, ಅವನ ಬಲಗಾಲು ಮೊಣಕಾಲಿನ ತನಕ ಹಲಗೆಯೊಳಗೆ ಇಳಿಯಿತು. ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ಅವನನ್ನು ಎಳೆದು ಕೂರಿಸಿ, ಅಂಟಕ್ಕ ಮೀನಖಂಡದ ರಕ್ತ ಒರೆಸುವಾಗ, ಅವನು ಆ ತೂತನ್ನೇ ನೋಡುತ್ತಿದ್ದ. ನನ್ನ ಮಗಳೂ ಸ್ಕೂಲಿಗೆ ಹೋಗೋಳೇ, ಸ್ಟೇಜಲ್ಲಿ ಹಾಡ್ತಾಳೆ ಬೇರೆ, ಎಂದ, ಯಾರಿಗೆಂದಿಲ್ಲದೆ.

ಅವಳು ಮುರಿದ ಅಂಚಿನ ಹತ್ತಿರ ಕೂತಳು. ಬಿರುಕಿನ ಬಾಯಲ್ಲಿ ನೂಲು ಕಾಣುತ್ತಿತ್ತು, ಬಿರುಕಿಗೆ ಸಮಾನಾಂತರವಾಗಿ, ಅಡ್ಡಡ್ಡ, ಯಾರ ಭಾರವನ್ನೂ ಹೊರದೆ ತಣ್ಣಗೆ ಮಲಗಿತ್ತು. ಆದರೆ ಎಂಥ ಹಾಸು! ಒಂದು ಎಳೆ ಸೊಟ್ಟಗಿಲ್ಲ, ಒಂದು ಗುಳ್ಳೆಯಿಲ್ಲ, ಅಂಟು ಎಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಸಿಟ್ಟಿನಲ್ಲಿದ್ದ ಆ ಮಧ್ಯಾಹ್ನ ಅವಳ ಕೈ ಹಾಸಿದಷ್ಟು ಚೆನ್ನಾಗಿ ಬೇರೆ ಯಾವತ್ತೂ ಹಾಸಿರಲಿಲ್ಲ. ನಾಚಿಕೆಪಡಬೇಕಾದ ಹೊತ್ತಿನಲ್ಲಿ ಎದೆಯೊಳಗೆ ಏನೋ ಹಿಗ್ಗಿತು, ಹಿಗ್ಗಿದ್ದಕ್ಕೆ ಮತ್ತೆ ನಾಚಿಕೆಯಾಯಿತು. ಇಂಜಿನಿಯರು ಫೋನಿನಲ್ಲಿ ಲಾರಿಯವನಿಗೆ ಕಾಯಲು ಹೇಳುತ್ತಿದ್ದರು. ಮುಗಿಸಿ, ಅವಳ ಕಡೆ ತಿರುಗದೆ, ಮೇಸ್ತ್ರಿಗೆ ಹೇಳಿದರು: ನಾಳೆಯಿಂದ ಈ ಟೇಬಲ್ಲಿಗೆ ಬೇರೆ ಯಾರನ್ನಾದರೂ ಹಾಕಿ, ಸ್ವಲ್ಪ ಓದಿದವರನ್ನು. ಅಂಟಕ್ಕ, ನಾನು ಹೇಳಲಿಲ್ಲವೇ ಎಂಬಂತೆ, ಬಟ್ಟೆ ಹಿಂಡಿದಳು. ಅವಳು ಕಾದಿದ್ದ ಪೆಟ್ಟು ಅದು. ಬಿದ್ದಾಗ ಅಷ್ಟೇನೂ ನೋಯಲಿಲ್ಲ. ಹೊಟ್ಟು ಗುಡಿಸುವುದು ಅವಳಿಗೆ ಬರುತ್ತದೆ. ಇನ್ನು ಉಳಿದಿದ್ದು ಒಂದೇ ಒಂದು, ಅದನ್ನೂ ಹೇಳಿಬಿಟ್ಟರೆ ಗಂಟಲು ಖಾಲಿ.

‘ಆಯ್ತು ಸಾರ್. ಮಿಕ್ಕ ದಿನದ ಬುಟ್ಟಿ ನಾನು ನೋಡಿದೀನಿ, ಸರಿ ಇದೆ. ಮೊದಲನೇ ದಿನ ಬುಟ್ಟಿ ಇರ್ಲಿಲ್ಲ, ನೆಲಕ್ಕೆ ಬಿದ್ದಿದ್ದನ್ನ ಗುಡಿಸಿಬಿಟ್ರು.’

ಅದಕ್ಕೆ, ಎಂದರು ಅವರು.

‘ಅವತ್ತಿನ ಮೊದಲ ನಾಲ್ಕು ಹಲಗೆ ತೋರಿಸಿಕೊಡಕ್ಕೆ ಅಂತ ನೀವೇ ಹಾಸಿದ್ರಿ ಸಾರ್. ಒಂದು ಕೈಯಲ್ಲಿ. ಫೋನು ಕಿವೀಲಿತ್ತು.’

ಇಂಜಿನಿಯರು ಕೈಯಲ್ಲಿದ್ದ ಫೋನನ್ನು ನೋಡಿದರು, ಅದನ್ನು ಈಗಷ್ಟೇ ಯಾರೋ ಅಲ್ಲಿ ಇಟ್ಟುಹೋದರೆಂಬಂತೆ. ಏನೋ ಹೇಳಹೊರಟು ನಿಲ್ಲಿಸಿದರು. ಅವರ ಅರ್ಧ ಮಾತು ಗಾಳಿಯಲ್ಲಿ ನಿಂತಿತ್ತು, ಅದನ್ನು ಪೂರ್ತಿ ಮಾಡಿಕೊಡಲು ಯಾರೂ ಮುಂದೆ ಬರಲಿಲ್ಲ, ಮೇಸ್ತ್ರಿ ಕೂಡ. ಮೇಸ್ತ್ರಿ ತನ್ನ ಕಾಲನ್ನು ಒಂದು ಮರಳಿನ ಚೀಲದ ಮೇಲೆ ನೀಡಿಕೊಂಡು, ನನ್ನ ಕೈಲಿನ್ನು ಆಗಲ್ಲ ಸಾರ್, ನಾನು ತೊಂಬತ್ತೈದು, ತಾವೆಷ್ಟು ಎಂದು ಬಹಳ ಮರ್ಯಾದೆಯಿಂದ ಕೇಳಿದ. ಎಪ್ಪತ್ತು ಎಂದರು. ಹಾಗಾದರೆ ಒಂದು ಮರಳಿನ ಚೀಲ ಎತ್ತಿಕೊಂಡರೆ ಸರಿಹೋಯಿತು, ಇಪ್ಪತ್ತೈದರದ್ದು ಎಂದ. ಅಂಟಕ್ಕ ಮುಖ ಆಚೆ ತಿರುಗಿಸಿಕೊಂಡಳು, ಭುಜ ಕುಲುಕುತ್ತಿತ್ತು. ಅವರು ಕೂತು ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿದರು. ಬೆಳ್ಳಗಿನ ಪಾದ, ಕಣಕಾಲಿನ ಸುತ್ತ ಎಲಾಸ್ಟಿಕ್ ಕಚ್ಚಿದ ಕೆಂಪು ಗೆರೆ. ಮೊದಲ ರಾಶಿಯ ಅಡಿಯಿಂದ ನಾಲ್ಕು ಹಲಗೆ ಎಳೆದು ತಂದರು. ಅವಳು ಸಡಿಲವಾಗಿದ್ದ ದಾರವನ್ನು ಬಿಚ್ಚಿ, ಮತ್ತೆ ಬಿಗಿದು, ಎರಡು ಬೆರಳು ಅಳೆದು ನೋಡಿ, ಸಿಮೆಂಟಿನ ನೆಲದ ಮೇಲೆ ಕೆನ್ನೆಯಿಟ್ಟು ಮಲಗಿದಳು. ನೆಲ ತಣ್ಣಗಿತ್ತು. ಹೊರಗೆ ಲಾರಿ ಹಿಂದಕ್ಕೆ ಬರುವ ಸದ್ದು. ಮೇಲೆ, ಮರಳಿನ ಚೀಲವನ್ನು ಅಳುವ ಕೂಸಿನಂತೆ ಎದೆಗವಚಿಕೊಂಡು ಇಂಜಿನಿಯರು ಹಲಗೆ ಹತ್ತಿದರು, ಅದು ಬಾಗತೊಡಗಿತು, ದಾರಕ್ಕೂ ಅದಕ್ಕೂ ನಡುವಿನ ಬೆಳಕಿನ ಸೀಳು ಸಣ್ಣದಾಗುತ್ತ ಬಂತು. ಅವರು ಆಧಾರಕ್ಕೆ ಏನಾದರೂ ಸಿಕ್ಕೀತೇ ಎಂದು ಒಂದು ಕೈ ಚಾಚುತ್ತಿದ್ದರು.

‘ಅಲ್ಲಾಡಬೇಡಿ,’ ಎಂದಳು.